ಸುಡುಗಾಡಿನ ಸುಂಕ

ಸಾವಿನ ಬಗ್ಗೆ ನಾವು ದಿನಾ ಆಡುವ ಕನ್ನಡವನ್ನು ಸ್ವಲ್ಪ ಗಮನವಿಟ್ಟು ಕೇಳಿ ನೋಡಿ. ‘ಅವರ ಋಣ ತೀರಿತು’ ಎನ್ನುತ್ತೇವೆ. ‘ಈ ಮನೆಯ ಅನ್ನದ ಋಣ ಇಷ್ಟೇ ಇತ್ತು’ ಎನ್ನುತ್ತೇವೆ. ಸತ್ತವರನ್ನು ‘ತೀರಿಕೊಂಡರು’ ಅನ್ನುತ್ತೇವಲ್ಲ, ಅದೂ ಅದೇ ಮಾತು. ಸಾಲವೂ ತೀರುತ್ತದೆ, ಮನುಷ್ಯನೂ ತೀರಿಕೊಳ್ಳುತ್ತಾನೆ. ವಿಧಿಗೆ ನಾವು ಇಟ್ಟ ಹೆಸರು ಹಣೆಬರಹ. ಯಾರೋ ಮೊದಲೇ ಬರೆದಿಟ್ಟದ್ದು, ನಮಗೆ ಓದಲು ಬಾರದ್ದು. ಸಾಹಿತ್ಯದ ಗೆಳೆಯರಿಗೆ ಇದರಲ್ಲಿ ವೇದಾಂತ ಕಾಣಬಹುದು. ಬಿ.ಕಾಂ. ಓದುವ ನನಗೆ ಕಾಣುವುದು ಲೆಡ್ಜರ್.

ಈ ಲೆಕ್ಕದ ಭಾಷೆಯನ್ನು ನಮ್ಮ ಕವಿಗಳು ಹಾಗೇ ಒಪ್ಪಿಕೊಂಡರೆ? ಒಬ್ಬನಂತೂ ಅದನ್ನು ಕೊನೆಯ ಕಾಸಿನವರೆಗೂ ಪರೀಕ್ಷೆ ಮಾಡಿ ನೋಡಿದ. ಆತ 13ನೆಯ ಶತಮಾನದ ರಾಘವಾಂಕ, ಹಂಪೆಯ ಹರಿಹರನ ಸೋದರಳಿಯ ಮತ್ತು ಶಿಷ್ಯ. ಶಿವಭಕ್ತರನ್ನು ಬಿಟ್ಟು ಒಬ್ಬ ಅರಸನ ಮೇಲೆ ‘ಹರಿಶ್ಚಂದ್ರ ಕಾವ್ಯ’ ಬರೆದನೆಂದು ಗುರು ಸಿಟ್ಟಿನಿಂದ ಹೊಡೆದಾಗ ಅವನ ಹಲ್ಲುಗಳು ಉದುರಿದವಂತೆ. ಆಮೇಲೆ ಶಿವಭಕ್ತರ ಮೇಲೆ ಒಂದೊಂದು ಕಾವ್ಯ ಬರೆದ ಹಾಗೆ ಒಂದೊಂದು ಹಲ್ಲು ವಾಪಸು ಬಂತೆಂದು ಐತಿಹ್ಯ. (ಕವಿಗೂ ಲೆಕ್ಕ ತಪ್ಪಲಿಲ್ಲ ನೋಡಿ.)

ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ನಾಲ್ಕನೆಯ ಇಯತ್ತೆಯಲ್ಲಿ ನಮ್ಮ ಮಾಸ್ತರರು ಅದನ್ನು ಸತ್ಯದ ಕಥೆ ಎಂದು ಹೇಳಿಕೊಟ್ಟರು. ಈಗ ಓದಿದರೆ ಅದು ಮೊದಲಿನಿಂದಲೂ ಸಾಲದ ಕಥೆ. ವಿಶ್ವಾಮಿತ್ರ ಯಾಗಕ್ಕೆಂದು ಹೊನ್ನು ಬೇಡಿದ. ಆನೆಯ ಮೇಲೆ ನಿಂತವನು ಮೇಲಕ್ಕೆ ಎಸೆದದ್ದು ಎಷ್ಟೆತ್ತರ ಹೋಗುತ್ತದೋ ಅಷ್ಟೆತ್ತರದ ರಾಶಿ. ಕೊಟ್ಟದ್ದನ್ನು ಬೇಕಾದಾಗ ಒಯ್ಯುತ್ತೇನೆಂದು ಅರಸನ ಹತ್ತಿರವೇ ಬಿಟ್ಟುಹೋದ. ಮುಂದೆ ರಾಜ್ಯವೇ ಕೈಬಿಟ್ಟಾಗ ಬೊಕ್ಕಸವೂ ಅದರ ಜೊತೆಗೇ ಹೋಯಿತು, ಆದರೆ ಈ ಠೇವಣಿ ಮಾತ್ರ ಬೇರೆಯಾಗಿ ಬಾಕಿ ಉಳಿಯಿತು! ಯಾವ ಆಡಿಟರನೂ ಇದನ್ನು ಒಪ್ಪಲಾರ. ಹರಿಶ್ಚಂದ್ರ ಒಪ್ಪಿದ. ಗಡುವು ಗೊತ್ತಾಯಿತು, ವಸೂಲಿಗೆ ನಕ್ಷತ್ರಿಕ ಬೆನ್ನು ಹತ್ತಿದ. ಬೆನ್ನು ಬಿಡದ ಸಾಲಗಾರರನ್ನು ನಾವು ಇವತ್ತಿಗೂ ನಕ್ಷತ್ರಿಕ ಎಂದೇ ಕರೆಯುತ್ತೇವೆ. ಕಾಶಿಯ ಬೀದಿಯಲ್ಲಿ ಹೆಂಡತಿ ಚಂದ್ರಮತಿ ಮತ್ತು ಮಗ ಮಾರಾಟವಾದರು. ಕೊನೆಗೆ ಅರಸ ತನ್ನನ್ನೇ ಮಾರಿಕೊಂಡು ವೀರಬಾಹುವಿನ ಆಳಾಗಿ ಸುಡುಗಾಡು ಕಾಯಲು ನಿಂತ.

ಮುಂದೆ ಬರುವುದು ಕಾವ್ಯದ ಎದೆ. ಕಾಡಿಗೆ ಹೋದ ಮಗ ಹಾವು ಕಚ್ಚಿ ಸತ್ತ. ಒಡೆಯನ ಮನೆಯ ಕೆಲಸ ಮುಗಿಯುವ ತನಕ ತಾಯಿಗೆ ಹುಡುಕಲು ಹೋಗುವ ಬಿಡುವೂ ಇಲ್ಲ. ರಾತ್ರಿ ಒಬ್ಬಳೇ ಹೆಣವನ್ನು ಹೊತ್ತುಕೊಂಡು ಸುಡುಗಾಡಿಗೆ ಬಂದರೆ ಕಾವಲಿನವನು ತಡೆಯುತ್ತಾನೆ. ಸುಂಕ ಕೊಡದೆ ಸುಡುವ ಹಾಗಿಲ್ಲ. ಗಂಡಹೆಂಡಿರಿಗೆ ಒಬ್ಬರಿಗೊಬ್ಬರ ಗುರುತು ಹತ್ತುತ್ತದೆ, ಮಗನ ಹೆಣ ನಡುವೆ ಇದೆ. ಆದರೂ ಸುಂಕ ಬಿಡಲಿಲ್ಲ. ಯಾಕೆಂದರೆ ಅದು ಅವನ ಹಣವಲ್ಲ, ಒಡೆಯನದು. ಮನ್ನಾ ಮಾಡುವ ಅಧಿಕಾರ ಆಳಿಗಿಲ್ಲ.

ನಮ್ಮ ಕ್ಲಾಸಿನ ಹಲವರು ಇದನ್ನು ಹುಚ್ಚು ಅಂತಾರೆ. ಸತ್ಯ ಸತ್ಯ ಎಂದು ಹೆಂಡತಿಯನ್ನು ಗೋಳಾಡಿಸಿದ ಗಂಡ, ಅಷ್ಟೇ ಅಂತಾರೆ. ಆ ಆಕ್ಷೇಪದಲ್ಲಿ ಹುರುಳಿದೆ, ಚಂದ್ರಮತಿಯ ಕಡೆಯಿಂದ ನೋಡಿದರೆ ಇನ್ನೂ ಹೆಚ್ಚು. ಆದರೆ ಕಾವಲಿಗೆ ಬೇರೆ ಯಾವನೋ ನಿಂತಿದ್ದರೆ ನಾವು ಅವನನ್ನು ಬೈದು ಸುಮ್ಮನಾಗುತ್ತಿದ್ದೆವು. ಸುಂಕ ಕೇಳುವವನೂ ಮಗನನ್ನು ಕಳೆದುಕೊಂಡವನೂ ಒಬ್ಬನೇ ಆದಾಗ ಬೈಯಲಿಕ್ಕೆ ಯಾರೂ ಸಿಗುವುದಿಲ್ಲ. ಸಾವು ಆಯಿತೆಂದು ಲೋಕದ ವ್ಯವಹಾರ ನಿಲ್ಲುವುದಿಲ್ಲ, ವ್ಯವಹಾರ ಮುಗಿಸಿದೆವೆಂದು ದುಃಖ ಕಡಿಮೆಯಾಗುವುದಿಲ್ಲ. ಎರಡೂ ಒಂದೇ ಎದೆಯಲ್ಲಿ ಇರಬೇಕು.

ಇದು ಹಳೆಗಾಲದ ಅತಿಶಯೋಕ್ತಿ ಅಂತ ನನಗೆ ಅನ್ನಿಸುವುದಿಲ್ಲ. ನನ್ನನ್ನು ಊರಿನಿಂದ ಮುಂಬಯಿಗೆ ಕರೆತಂದು, ಹೋಟೆಲಿನ ದುಡಿಮೆಯಲ್ಲಿ ಕಾಲೇಜಿನ ಫೀ ತುಂಬಿದವರು ನಮ್ಮ ಕಾಕಾ. ಹೋದ ವರ್ಷ ಅವರು ತೀರಿಕೊಂಡಾಗ, ಲೆಕ್ಕ ಬಲ್ಲವನೆಂದು ಸ್ಮಶಾನದ ಕಿಟಕಿಗೆ ನನ್ನನ್ನೇ ಕಳಿಸಿದರು. ಒಳಗಿದ್ದ ಗುಮಾಸ್ತ ಹೆಸರು, ವಯಸ್ಸು, ಸತ್ತ ಹೊತ್ತು ಕೇಳಿದ. ಹೆಸರನ್ನು ತಪ್ಪಿಲ್ಲದೆ ಬರೆಯಬೇಕೆಂದು ಎರಡು ಸಲ ಕೇಳಿದ. ರಸೀದಿ ಹರಿದುಕೊಟ್ಟ. ಅವನ ಮುಖ ನೋಡುತ್ತ ನನಗೆ ಹರಿಶ್ಚಂದ್ರ ನೆನಪಾದ. ಆ ಕಿಟಕಿಯಲ್ಲಿ ಕೂತವನ ಮನೆಯಲ್ಲೂ ಒಂದು ದಿನ ಸಾವು ಆದೀತು, ಅವತ್ತೂ ಯಾರೋ ರಸೀದಿ ಬರೆಯಲೇಬೇಕು. ಮನೆಗೆ ಬಂದ ಮೇಲೆ ಹಿರಿಯರು ‘ನಿಮ್ಮದು ಅವನದು ಋಣಾ ಇಷ್ಟೇ ಇತ್ತು, ಹರೀತು’ ಅಂದರು. ಸಮಾಧಾನಕ್ಕೆ ಹೇಳಿದ ಮಾತು. ಆದರೆ ಹರಿದದ್ದು ಯಾರ ಋಣ? ಕೊಟ್ಟವರು ಅವರು, ತೆಗೆದುಕೊಂಡವನು ನಾನು. ನನ್ನ ಕಡೆಯ ಪುಟದಲ್ಲಿ ಒಂದು ಪೈಯೂ ಜಮಾ ಆಗಿಲ್ಲ.

ಇಂಥ ತಿರುವುಮುರುವಾದ ಲೆಕ್ಕ ರನ್ನನ ‘ಗದಾಯುದ್ಧ’ದಲ್ಲೂ ಇದೆ. ರಣರಂಗದ ಹೆಣಗಳ ನಡುವೆ ಸಂಜಯನೊಡನೆ ನಡೆಯುವ ದುರ್ಯೋಧನ ಮಗ ಲಕ್ಷಣಕುಮಾರನನ್ನು ನೋಡಿ ಅಳುವುದು ಬರೀ ಸತ್ತನೆಂದು ಅಲ್ಲ, ತರ್ಪಣ ಬಿಡಬೇಕಾದ ಕೈಯೇ ಮೊದಲು ಹೋಯಿತೆಂದು.

ಇನ್ನು ವಿಧಿಯ ವಿಷಯ. ಹರಿಶ್ಚಂದ್ರ ಇದೆಲ್ಲ ಹಣೆಬರಹ ಎಂದು ತಿಳಿದು ಸಹಿಸುತ್ತಾನೆ. ನಿಜವೇನು? ಇಂದ್ರನ ಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರ ನಡುವೆ ಮಾತಿಗೆ ಮಾತು ಬೆಳೆದು ಹುಟ್ಟಿದ ಪಂಥ! ಓದುವ ನಮಗೆ ಗೊತ್ತು, ಅನುಭವಿಸುವ ಅವನಿಗೆ ಗೊತ್ತಿಲ್ಲ. ಕವಿ ನಮ್ಮನ್ನು ದೇವತೆಗಳ ಸಾಲಿನಲ್ಲಿ ಕೂರಿಸುತ್ತಾನೆ, ಆದರೆ ಅಲ್ಲಿ ಕೂತು ನಮಗೆ ಸುಖವಿಲ್ಲ. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತದಲ್ಲೂ ಹೀಗೇ. ನೀರು ಬಾರದ ಕೆರೆಗೆ ಕಿರಿಸೊಸೆ ಭಾಗೀರಥಿಯನ್ನು ಹಾರ ಕೊಡಬೇಕೆಂದು ಗೊತ್ತು ಮಾಡುವುದು ವಿಧಿಯಲ್ಲ, ಮನೆಯ ಹಿರಿಯರು. ದಂಡಿಗೆ ಹೋದ ಗಂಡನಿಗೆ ಸುದ್ದಿಯಿಲ್ಲ. ಹಣೆಬರಹ ಎಂದು ಕರೆಯುವುದನ್ನು ಎಷ್ಟೋ ಸಲ ಮನುಷ್ಯರೇ ಕೂತು ಬರೆದಿರುತ್ತಾರೆ.

ರಾಘವಾಂಕ ಕೊನೆಗೆ ಎಲ್ಲವನ್ನೂ ವಾಪಸು ಕೊಡಿಸುತ್ತಾನೆ. ಹೆಂಡತಿಯ ತಲೆ ಹೊಡೆಯಲು ಕತ್ತಿ ಎತ್ತಿದಾಗ ಶಿವ ಕಾಣಿಸುತ್ತಾನೆ, ಮಗ ಏಳುತ್ತಾನೆ, ರಾಜ್ಯ ಬರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ರಿವರ್ಸಲ್ ಎಂಟ್ರಿ. ಪುಸ್ತಕ ತಾಳೆಯಾಯಿತು, ಓದಿದವನ ಎದೆ ತಾಳೆಯಾಗುವುದಿಲ್ಲ. 1913ರ ಮೇ 3ರಂದು ಇದೇ ಮುಂಬಯಿಯ ಗಿರಗಾಂವಿನಲ್ಲಿ ಕಾರೊನೇಷನ್ ಥಿಯೇಟರಿನಲ್ಲಿ ಫಾಳ್ಕೆಯವರು ತೋರಿಸಿದ ‘ರಾಜಾ ಹರಿಶ್ಚಂದ್ರ’ ಮೂಕಚಿತ್ರ. ರಾಣಿಯ ಪಾತ್ರಕ್ಕೆ ಹೆಂಗಸರು ಸಿಗದೆ ಅಣ್ಣಾ ಸಾಳುಂಕೆ ಎಂಬ ಗಂಡಸು ಸೀರೆ ಉಟ್ಟ. 1965ರಲ್ಲಿ ಕನ್ನಡದಲ್ಲಿ ರಾಜಕುಮಾರ್, ಪಂಢರಿಬಾಯಿಯವರ ‘ಸತ್ಯ ಹರಿಶ್ಚಂದ್ರ’ ಬಂತು, ನಕ್ಷತ್ರಿಕನಾಗಿ ನರಸಿಂಹರಾಜು ನಗಿಸಿದರು. ಅದನ್ನು 2008ರಲ್ಲಿ ಬಣ್ಣ ಹಚ್ಚಿ ಮತ್ತೆ ತೆರೆಗೆ ತಂದರು. ನಮ್ಮ ಮನೆಯವರನ್ನು ಕೇಳಿ ನೋಡಿದ್ದೇನೆ. ಪಟ್ಟಾಭಿಷೇಕ ಒಬ್ಬರಿಗೂ ನೆನಪಿಲ್ಲ, ಸುಡುಗಾಡು ಎಲ್ಲರಿಗೂ ನೆನಪಿದೆ.

ಅದೇ 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಅಚ್ಚಾಯಿತು. ಅಲ್ಲೂ ಸುಡಲಾರದ ಒಂದು ಹೆಣ. ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರ ಬಿಟ್ಟ ನಾರಣಪ್ಪ ಸತ್ತಿದ್ದಾನೆ, ಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆ. ಅವನ ಜೊತೆಗಿದ್ದ ಚಂದ್ರಿ ಖರ್ಚಿಗೆಂದು ಮೈಮೇಲಿನ ಬಂಗಾರವನ್ನೆಲ್ಲ ಬಿಚ್ಚಿಡುತ್ತಾಳೆ. ಚಂದ್ರಮತಿಯ ಹತ್ತಿರ ಸುಂಕಕ್ಕೆ ಕಾಸಿರಲಿಲ್ಲ, ಚಂದ್ರಿಯ ಹತ್ತಿರ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಆದರೂ ಹೆಣ ಅಲ್ಲೇ. ಬಂಗಾರ ಕಂಡ ಮೇಲೆ ಬ್ರಾಹ್ಮಣರ ಆಸೆ ಎದ್ದು ಗಂಟು ಇನ್ನೂ ಬಿಗಿಯಾಯಿತು. ಪ್ರಾಣೇಶಾಚಾರ್ಯರು ಗ್ರಂಥ ತಿರುವಿದರು, ಮಾರುತಿಯ ಮೊರೆಹೋದರು, ಉತ್ತರ ಸಿಗಲಿಲ್ಲ. ರಾಘವಾಂಕನಲ್ಲಿ ಕೊನೆಗೆ ಬಂದವನು ಶಿವ. ಇಲ್ಲಿ ಬಂದವನು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿ, ಹಿಂದೆ ಕಷ್ಟದಲ್ಲಿ ನಾರಣಪ್ಪನ ನೆರವು ಪಡೆದಿದ್ದವನು. ರಾತ್ರಿ ಗಾಡಿ ತಂದ, ಕಟ್ಟಿಗೆ ತಂದ, ಚಂದ್ರಿಯ ಕಣ್ಣೆದುರು ಹೆಣ ಸುಟ್ಟ. ಅಗ್ರಹಾರದವರಿಗೆ ಅದರ ಸುಳಿವೂ ಸಿಗಲಿಲ್ಲ. ಅವರು ಇನ್ನೂ ಉತ್ತರ ಹುಡುಕುತ್ತ ಊರೂರು ಅಲೆಯುತ್ತಿದ್ದರು.