ನ್ಯಾಲ್ಕಲ್ ಸೀಮೆಗೆ ಸೇವಾಯಾತ್ರೆ

ಹಸಿದವನಿಗೆ ಉಣಿಸಿದ್ದೂ ರೋಗಿಯನ್ನು ನೋಡಹೋದದ್ದೂ ಕ್ರಿಸ್ತನಿಗೇ ಸಲ್ಲುವ ಸೇವೆಯೆಂಬ ಶ್ರದ್ಧೆಯಿಂದ, ಕಥೋಲಿಕ ಕಾಲೇಜುಗಳ ಹಾಗೂ ಧರ್ಮಕೇಂದ್ರಗಳ ತರುಣ ತರುಣಿಯರು ರಜೆಯ ದಿನಗಳಲ್ಲಿ ಗುಂಪುಗೂಡಿ ದೂರದ ಹಳ್ಳಿಗಳಿಗೂ ಅನಾಥಾಲಯಗಳಿಗೂ ತೆರಳಿ ದುಡಿದು ಬರುವ ಪದ್ಧತಿ ಜಗತ್ತಿನ ಅನೇಕ ದೇಶಗಳಲ್ಲಿ ಪ್ರಚಲಿತವಾಗಿದೆ. ಈ ಉತ್ಸಾಹ ನನಗೆ ಅತ್ಯಂತ ಪ್ರಿಯವಾದುದು. ಆದರೆ ಹೋಗಿ ಬರುವವರ ಸೇವೆ ಫಲಿಸಬೇಕಾದರೆ ಅಲ್ಲಿಯೇ ನೆಲೆನಿಂತವರ ಆಶ್ರಯ ಅದಕ್ಕೆ ಅವಶ್ಯವೆಂಬುದು ನನ್ನ ದೃಢವಾದ ನಂಬಿಕೆ.

1833ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿ, ಇಪ್ಪತ್ತರ ಪ್ರಾಯದ ಫ್ರೆಡರಿಕ್ ಓಜಾನಾಂ ತನ್ನ ಗೆಳೆಯರೊಡನೆ, ಮುಂದೆ ಸಂತ ವಿನ್ಸೆಂಟ್ ದೆ ಪೌಲ್ ಸಭೆಯೆಂದು ಲೋಕಪ್ರಸಿದ್ಧವಾದ ಸಂಘವನ್ನು ಕಟ್ಟಿದಾಗ, ಆ ಹುಡುಗರಲ್ಲಿ ಕರುಣೆಯಿದ್ದಿತೇ ಹೊರತು ಬಡವರ ಮನೆಗಳ ಪರಿಚಯವಿರಲಿಲ್ಲ. ಮೂಫ್ತಾರ್ ಎಂಬ ದರಿದ್ರ ಕೇರಿಯಲ್ಲಿ ದಶಕಗಳಿಂದ ದುಡಿಯುತ್ತಿದ್ದ ಸಿಸ್ಟರ್ ರೊಜಾಲಿ ರಾಂದ್ಯು ಅವರೇ ಯಾವ ಮನೆಗೆ ಹೋಗಬೇಕು, ಹೋದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಅವರಿಗೆ ಕಲಿಸಿದರು. ಹೀಗೆ ಬಡವರ ನಡುವೆ ನೆಲೆನಿಂತವರ ನಿದರ್ಶನ ನಮ್ಮಲ್ಲಿಯೂ ಉಂಟು: ಜರ್ಮನಿಯಲ್ಲಿ ಹುಟ್ಟಿ 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಯೇಸುಸಭೆಯ ಫಾದರ್ ಮುಲ್ಲರ್, 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲಾರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿ, 1910ರಲ್ಲಿ ಅಲ್ಲಿಯೇ ದೇಹವಿಟ್ಟರು.

ಇನ್ನು ನ್ಯಾಲ್ಕಲ್ಲಿನ ಮಾತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ವಿಭಜಿತವಾದಾಗ ಬೀದರ ತಾಲೂಕಿನಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿ, ಈಗ ತೆಲಂಗಾಣದಲ್ಲಿರುವ ಈ ನೆಲದ ಎಷ್ಟೋ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಹೈದರಾಬಾದಿನಿಂದ ತೆಲುಗು, ಇಂಗ್ಲಿಷುಗಳನ್ನು ಮಾತ್ರ ಬಲ್ಲ ತರುಣರು ಇಲ್ಲಿಗೆ ಬಂದರೆ, ಕಟ್ಟೆಯ ಮೇಲೆ ಕುಳಿತ ಮುದುಕಿ “ಬರ್ರಿ, ಕುಂದರ್ರಿ” ಎಂದು ನೀರು ಕೊಟ್ಟಾಳು. ತನ್ನ ಮೊಣಕಾಲ ನೋವು ಯಾವಾಗಿನದು, ಮಗ ದುಡಿಯಲು ಎಲ್ಲಿಗೆ ಹೋದನು, ಪಿಂಚಣಿ ಏಕೆ ನಿಂತಿತು ಎಂಬುದನ್ನು ಮಾತ್ರ ಆ ಭಾಷೆಗಳಲ್ಲಿ ಹೇಳಿಕೊಳ್ಳಲಾರಳು. ಅಲ್ಲದೆ ಯಾತ್ರೆಗೆ ಒದಗುವ ಕ್ರಿಸ್ಮಸ್ ರಜೆಯೂ ತೊಗರಿ ಕೊಯ್ಲೂ ಒಂದೇ ಕಾಲದಲ್ಲಿ ಬರುವುದರಿಂದ, ಹಗಲು ಹನ್ನೊಂದಕ್ಕೆ ಆರೋಗ್ಯ ಶಿಬಿರ ತೆರೆದರೆ ಬರತಕ್ಕವರಾರು? ಹೆಂಗಸರೆಲ್ಲ ಹೊಲದಲ್ಲಿರುತ್ತಾರೆ. ಶಿಬಿರವನ್ನು ಸಂಜೆಗೆ ಇಡಬೇಕೆಂಬುದನ್ನು ಊರಿನೊಡನೆ ಬಾಳಿದವರು ಯಾರೂ ಹೇಳಿಕೊಡದೆಯೇ ಬಲ್ಲರು.

ಗಡಿಯ ಆಚೆ ಹುಮನಾಬಾದಿನಲ್ಲಿ, 2005ರಲ್ಲಿ ರಚಿತವಾದ ಗುಲ್ಬರ್ಗ ಧರ್ಮಪ್ರಾಂತ್ಯಕ್ಕೆ ಸೇರಿದ ಆರ್ಬಿಟ್ ಎಂಬ ಸಂಸ್ಥೆ ಬೀದರ ಜಿಲ್ಲೆಯ ಹಳ್ಳಿಗಳಲ್ಲಿ ಮಹಿಳಾ ಸಂಘಗಳನ್ನು ಕಟ್ಟಿ ಬೆಳೆಸಿದೆ. ಈ ಸೀಮೆಗೆ ಸೇವೆಗೆಂದು ಬರಬಯಸುವ ತರುಣರು ಇಂತಹ ನೆಲೆಯೊಂದಕ್ಕೆ ಮುಂಚಿತವಾಗಿ ಪತ್ರ ಬರೆದು, ಯಾವ ತಿಂಗಳು ಅನುಕೂಲ, ಯಾವ ಕೆಲಸಕ್ಕೆ ಕೈ ಸಾಲದು ಎಂದು ಕೇಳಲಿ; ಕನ್ನಡ ಬಲ್ಲವರನ್ನು ಇಬ್ಬರನ್ನಾದರೂ ಕರೆತರಲಿ; ಸಾಧ್ಯವಾದರೆ ಮರುವರ್ಷವೂ ಅದೇ ಹಳ್ಳಿಗೆ ಬರಲಿ.