ನಿಮಗಿದು ಗೊತ್ತೆ? ಶ್ವೇತಮೃಗದ ಮರ್ಮ

ಮೈಸೂರಿನ ಲಷ್ಕರ್ ಮೊಹಲ್ಲಾಕ್ಕೆ ಅನತಿದೂರದಲ್ಲಿ, 1892ರಲ್ಲಿ ಚಾಮರಾಜೇಂದ್ರ ಒಡೆಯರು ಸ್ಥಾಪಿಸಿದ ಮೃಗಾಲಯದಲ್ಲಿ ಚುಕ್ಕೆಜಿಂಕೆಗಳನ್ನು ನೋಡಿ ನಲಿದವರಿಗೆ, ಆ ಶ್ವೇತಬಿಂದುಗಳು ಪ್ರಾಯದ ಕಡವೆಗೆ ಇಲ್ಲವೆಂಬುದೂ, ಕಾಡುಕುರಿಯ ಮರಿಯಲ್ಲಿ ತೋರಿ ಬೆಳೆದಂತೆ ಮಾಸುವುವೆಂಬುದೂ, ಚುಕ್ಕೆಜಿಂಕೆಯಲ್ಲಾದರೋ ಆಜೀವಪರ್ಯಂತ ಉಳಿಯುವುವೆಂಬುದೂ ವಿಸ್ಮಯವನ್ನುಂಟುಮಾಡದಿರದು. ಇದಕ್ಕಿಂತಲೂ ಅಪೂರ್ವವಾದುದು ಕಾಡಿನಲ್ಲಿ ಎಂದೋ ಒಮ್ಮೆ ಹುಟ್ಟುವ ಬಿಳಿಯ ಮರಿ. ಗರ್ಭಸ್ಥ ಶಿಶುವಿನ ಬೆನ್ನಿನ ಕಡೆಯಿಂದ ಹೊರಟು ಉದರಪಾದಗಳತ್ತ ಸಾಗಬೇಕಾದ ವರ್ಣಕೋಶಗಳು ನಡುದಾರಿಯಲ್ಲೇ ನಿಂತುಹೋದರೆ, ಅವು ಮುಟ್ಟದ ಎಡೆಗಳಲ್ಲಿ ಬಿಳಿಯ ಮಚ್ಚೆಗಳು ಉಳಿಯುತ್ತವೆ. ವರ್ಣದ್ರವ್ಯವೇ ಉತ್ಪನ್ನವಾಗದಿದ್ದಲ್ಲಿ ಮೈಯೊಡನೆ ಕಣ್ಣಿಗೂ ಬಣ್ಣವಿಲ್ಲದೆ, ರಕ್ತನಾಳಗಳ ಕೆಂಪು ಅಲ್ಲಿ ಹೊಳೆಯುತ್ತದೆ. ಮೈ ಬೆಳ್ಳಗಾಗಿಯೂ ಕಣ್ಣು ಕಪ್ಪಾಗಿದ್ದರೆ ಅದು ಬೇರೆಯೇ ಸ್ಥಿತಿ. ಮರದಡಿಯ ನೆಳಲುಬೆಳಕಿನಲ್ಲಿ ಮರೆಯಾಗುವ ಸೌಭಾಗ್ಯವಿಲ್ಲದ ಆ ಬಡಜೀವಿಯನ್ನು ಹುಲಿ, ಸೀಳುನಾಯಿಗಳು ಸುಲಭವಾಗಿ ಗುರುತಿಸಬಲ್ಲವು.