ಒಂದು ಗಿಂಡಿ ನೀರಿನ ಬೆಲೆ: ಹುಯಿ ಮುಸ್ಲಿಮರ ನಿಂಗ್ಸಿಯಾ

ಚೀನಾದ ಮುಸ್ಲಿಮರು ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಸಿಂಕಿಯಾಂಗಿನ ಉಯಿಘರ್‌ಗಳು. ಅದೇ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನಸಂಖ್ಯೆಯ ಇನ್ನೊಂದು ಮುಸ್ಲಿಂ ಸಮುದಾಯವಿದೆ. ಅವರೇ ಹುಯಿಗಳು. ಉಯಿಘರ್‌ಗಳದ್ದು ತುರ್ಕಿ ಮೂಲದ ಭಾಷೆಯಾದರೆ ಹುಯಿಗಳ ಮನೆಮಾತು ಚೀನೀ ಭಾಷೆಯೇ. ಹೆಚ್ಚಿನವರು ಹನಫಿ ಮದ್‌ಹಬ್‌ನವರು. ಕಿಬ್ಲಾ ಮಾತ್ರ ನಮ್ಮ ಹಾಗೆ ಪಶ್ಚಿಮದ ಕಡೆಗೇ.

ಇವರ ಹೆಸರಿನಲ್ಲಿರುವ ಪ್ರಾಂತವೇ ನಿಂಗ್ಸಿಯಾ ಹುಯಿ ಸ್ವಾಯತ್ತ ಪ್ರದೇಶ. 1958ರ ಅಕ್ಟೋಬರ್ 25ರಂದು ಇದು ರಚನೆಯಾಯಿತು. ವಿಸ್ತೀರ್ಣ ಸುಮಾರು 66,400 ಚದರ ಕಿ.ಮೀ., ಅಂದ್ರೆ ನಮ್ಮ ಕರ್ನಾಟಕದ ಮೂರರಲ್ಲಿ ಒಂದು ಪಾಲು. 2020ರ ಜನಗಣತಿಯಂತೆ ಜನಸಂಖ್ಯೆ 72 ಲಕ್ಷ. ಹೆಸರು ಹುಯಿಗಳದ್ದಾದರೂ ಅವರ ಪಾಲು ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ. ಉಳಿದವರಲ್ಲಿ ಬಹುಪಾಲು ಹಾನ್ ಚೀನೀಯರು.

ರಾಜಧಾನಿ ಯಿನ್‌ಚುವಾನ್ ಇರುವುದು ಉತ್ತರದಲ್ಲಿ. ಅಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿ.ಮೀ. ಆಸುಪಾಸು. ನಮ್ಮ ಜಿಲ್ಲೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಇದರ ಐದು ಪಟ್ಟು ಮಳೆ ಸುರಿಯುತ್ತದೆ. ಆದರೂ ಆ ಭಾಗ ಹಸಿರಾಗಿದೆ. ಪಶ್ಚಿಮದಲ್ಲಿ ಹೆಲಾನ್ ಪರ್ವತ ಮರುಭೂಮಿಯ ಮರಳನ್ನು ತಡೆದು ನಿಂತಿದೆ. ನಡುವೆ ಹಳದಿ ನದಿ ಹರಿಯುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಚಿನ್ ಮತ್ತು ಹಾನ್ ರಾಜವಂಶಗಳ ಕಾಲದಲ್ಲಿ ತೋಡಲು ಶುರು ಮಾಡಿದ ಕಾಲುವೆಗಳಲ್ಲಿ ಇಂದಿಗೂ ಗದ್ದೆಗೆ ನೀರು ಹೋಗುತ್ತದೆ.

ದಕ್ಷಿಣಕ್ಕೆ ಹೋದರೆ ಚಿತ್ರವೇ ಬೇರೆ. ಶೀಜಿ, ಹೈಯುವಾನ್, ಗುಯುವಾನ್ ಎಂಬ ಊರುಗಳ ಮೊದಲ ಅಕ್ಷರ ಸೇರಿಸಿ ಆ ಗುಡ್ಡಗಾಡನ್ನು ಶೀಹೈಗು ಎನ್ನುತ್ತಾರೆ. ಮಳೆ ಉತ್ತರಕ್ಕಿಂತ ಇಲ್ಲೇ ತುಸು ಹೆಚ್ಚು. ಆದರೆ ನದಿ ಕೆಳಗೆಲ್ಲೋ ಹರಿಯುತ್ತದೆ, ಗುಡ್ಡದ ಹಳದಿ ಹುಡಿಮಣ್ಣು ಸಣ್ಣ ಮಳೆಗೂ ಕೊಚ್ಚಿ ಹೋಗುತ್ತದೆ. ವಿಚಿತ್ರ ಅಂದ್ರೆ, ನಿಂಗ್ಸಿಯಾದ ಹುಯಿಗಳು ಹೆಚ್ಚು ನೆಲೆಸಿರುವುದು ಈ ನೀರಿಲ್ಲದ ದಕ್ಷಿಣದಲ್ಲೇ. ಇದು ಹೇಗಾಯಿತು?

ಉತ್ತರ ಇತಿಹಾಸದಲ್ಲಿದೆ. ಟಾಂಗ್ ದೊರೆಗಳ ಕಾಲದಲ್ಲಿ ಅರಬ್ ಮತ್ತು ಪರ್ಷಿಯನ್ ವ್ಯಾಪಾರಿಗಳು ಚೀನಾದ ಬಂದರುಗಳಿಗೆ ಬಂದರು. 1227ರಲ್ಲಿ ಚೆಂಗೀಸ್ ಖಾನನ ಸೈನ್ಯ ಇಲ್ಲಿನ ಪಶ್ಚಿಮ ಸಿಯಾ ರಾಜ್ಯವನ್ನು ಅಳಿಸಿಹಾಕಿತು. ಮುಂದೆ ಮಂಗೋಲರ ಜೊತೆ ಮಧ್ಯ ಏಷ್ಯಾದ ಮುಸ್ಲಿಂ ಸೈನಿಕರು, ಕುಶಲಕರ್ಮಿಗಳು ಬಂದು ನೆಲೆಯಾದರು. ಸ್ಥಳೀಯರೊಡನೆ ಮದುವೆ ಸಂಬಂಧ ಬೆಳೆದು ಹುಯಿ ಸಮುದಾಯ ರೂಪುಗೊಂಡಿತು.

1862ರಲ್ಲಿ ಚಿಂಗ್ ಸಾಮ್ರಾಜ್ಯದ ವಿರುದ್ಧ ವಾಯವ್ಯ ಚೀನಾದ ಹುಯಿಗಳು ದಂಗೆ ಎದ್ದರು. ಕಾಲುವೆ ನೀರುಣ್ಣುವ ಜಿಂಜಿ ಕೋಟೆಯಲ್ಲಿದ್ದ ಜಹ್ರಿಯಾ ಸೂಫಿ ಪಂಥದ ನಾಯಕ ಮಾ ಹುವಾಲಾಂಗ್ ಕೊನೆಗೆ ಶರಣಾದರು. 1871ರಲ್ಲಿ ಅವರನ್ನು ಕೊಲ್ಲಲಾಯಿತು. ಸೇನಾಪತಿ ಝುವೋ ಝೊಂಗ್‌ಟಾಂಗ್ ಬದುಕುಳಿದವರನ್ನು ಫಲವತ್ತಾದ ಭೂಮಿಯಿಂದ ಎಬ್ಬಿಸಿ ಬಂಜರು ಗುಡ್ಡಗಳಿಗೆ ಕಳಿಸಿದ. ಅಲ್ಲೂ ನೆಮ್ಮದಿ ಸಿಗಲಿಲ್ಲ. 1920ರ ಡಿಸೆಂಬರ್ 16ರ ಹೈಯುವಾನ್ ಭೂಕಂಪದಲ್ಲಿ ಗುಡ್ಡಗಳೇ ಜಾರಿ, ಗುಹೆಮನೆಗಳು ಮುಚ್ಚಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು.

ಇಂಥ ನೆಲದಲ್ಲೂ ಅವರು ದೀನ್ ಬಿಡಲಿಲ್ಲ. ಅಂಗಳದಲ್ಲಿ ಆಳದ ಹೊಂಡ ತೋಡಿ, ಒಳಗೆ ಜೇಡಿಮಣ್ಣು ಮೆತ್ತಿ, ಮಳೆನೀರನ್ನೂ ಹಿಮವನ್ನೂ ತುಂಬಿಸಿಟ್ಟರು. ವುಝೂ ಮಾಡಲು ‘ಟಾಂಗ್‌ಪಿಂಗ್’ ಎಂಬ ಮೂತಿಯಿರುವ ಪಾತ್ರೆ ಬಳಸುತ್ತಾರೆ, ನಮ್ಮ ಗಿಂಡಿಯ ಹಾಗೆಯೇ. ಅದರಲ್ಲಿ ಹಿಡಿಯುವಷ್ಟು ನೀರಲ್ಲೇ ವುಝೂ ಮುಗಿಯಬೇಕು. ಚೀನೀ ಮಾತನ್ನು ಅರಬಿ ಲಿಪಿಯಲ್ಲಿ ಬರೆದು ಮಕ್ಕಳಿಗೆ ದೀನಿ ಪಾಠ ಹೇಳಿಕೊಟ್ಟರು. ಈ ಲಿಪಿಗೆ ಶಿಯಾವೊಜಿಂಗ್ ಎಂದು ಹೆಸರು. ನಮ್ಮ ಮದ್ರಸಗಳಲ್ಲಿ ಅರಬಿ ಮಲಯಾಳಂ ಕಲಿತವರಿಗೆ ಇದು ಹೊಸತೇನಲ್ಲ ಅಲ್ವಾ?

1980ರ ದಶಕದಿಂದ ಸರಕಾರ ದಕ್ಷಿಣದ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಉತ್ತರಕ್ಕೆ ಸ್ಥಳಾಂತರಿಸಿದೆ. ಹೊಂಗ್‌ಸಿಬುವಿನಲ್ಲಿ ಹಳದಿ ನದಿಯ ನೀರನ್ನು ಪಂಪ್‌ಗಳಿಂದ ಮೇಲೆತ್ತಿ ಮರಳುಗಾಡಿನಲ್ಲೇ ಊರು ಕಟ್ಟಿದ್ದಾರೆ. ನಲ್ಲಿ ನೀರು ಬಂತು, ಶಾಲೆ ಬಂತು. ಇದು ಸಣ್ಣ ಸಾಧನೆಯಲ್ಲ, ಒಪ್ಪಿಕೊಳ್ಳಲೇಬೇಕು. ಹಾಗೆಯೇ, ಹಿರಿಯರ ಕಬರ್‌ಗಳು ಹಿಂದೆ ಗುಡ್ಡದಲ್ಲೇ ಉಳಿದವು.

ನೀರು ಬಂದ ಕಾಲದಲ್ಲೇ ಇನ್ನೊಂದು ಬಿಗಿತವೂ ಬಂದಿದೆ. 2018ರ ಆಗಸ್ಟ್‌ನಲ್ಲಿ ವೈಝೌ ಊರಿನ ದೊಡ್ಡ ಮಸೀದಿಯನ್ನು ಕೆಡವಲು ಅಧಿಕಾರಿಗಳು ಹೊರಟಾಗ ಜನ ಅಂಗಳದಲ್ಲೇ ಕುಳಿತು ಪ್ರತಿಭಟಿಸಿದರು. ಕಟ್ಟಡ ಉಳಿಯಿತು, ಗುಮ್ಮಟಗಳು ಹೋದವು. ಅವುಗಳ ಜಾಗದಲ್ಲಿ ಈಗ ಚೀನೀ ಮಾದರಿಯ ಮಾಡು. ನೋಡಿ, ಚೀನೀ ಮಾಡಿನ ಮಸೀದಿ ಹುಯಿಗಳಿಗೆ ಅಪರಿಚಿತವಲ್ಲ. ಟೊಂಗ್ಸಿನ್‌ನ ಹಳೆಯ ದೊಡ್ಡ ಮಸೀದಿಯನ್ನು ಅವರ ಹಿರಿಯರೇ ಹಾಗೆ ಕಟ್ಟಿದ್ದು. ಅದು ಅವರು ತಾವಾಗಿ ಆರಿಸಿಕೊಂಡದ್ದು, ಇದು ಮೇಲಿನಿಂದ ಬಂದ ಅಪ್ಪಣೆ. ಅಪ್ರಾಪ್ತ ಮಕ್ಕಳ ಧಾರ್ಮಿಕ ಶಿಕ್ಷಣಕ್ಕೂ ಅಲ್ಲಿ ನಿರ್ಬಂಧವಿದೆ. ಬರಗಾಲದಲ್ಲೂ ನಿಲ್ಲದ ಪಾಠ ಈಗ ನಿಲ್ಲುವ ಹಂತಕ್ಕೆ ಬಂದಿರುವುದೇ ನಮಗೆ ನೋವು.

ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದು ಎಂಬುದು ಪ್ರವಾದಿವರ್ಯರ (ಸ) ಶಿಕ್ಷಣ. ನದಿಯೇ ಇಲ್ಲದ ಗುಡ್ಡದಲ್ಲಿ ಹುಯಿಗಳು ಅದನ್ನು ಪಾಲಿಸಿ ತೋರಿಸಿದರು. ಹೌಝ್ ತುಂಬಿ ಹರಿಯುವ, ಮದ್ರಸದ ಬಾಗಿಲು ದಿನವೂ ತೆರೆದಿರುವ ಊರಿನವರು ನಾವು. ಈ ಎರಡು ನಿಅ್‌ಮತ್‌ಗಳ ಬೆಲೆ ನಮಗೆ ತಿಳಿದಿರಲಿ. ನಿಂಗ್ಸಿಯಾದ ಸಹೋದರರನ್ನು ನಮ್ಮ ದುಆಗಳಲ್ಲಿ ಸೇರಿಸಿಕೊಳ್ಳೋಣ.